ಕಡಿಮೆ ಕೊಡುವ ಬಳ್ಳಿಯ ಖರ್ಚು ಯಾರದು?



ಒಂದು ದ್ರಾಕ್ಷಿ ಬಳ್ಳಿ ಇದೆ. ಅದನ್ನೊಂದನ್ನೇ ತೋಟದ ತುಂಬ ನೆಟ್ಟರೆ ಹೂವೇನೋ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ. ನಡುನಡುವೆ ಬೇರೆ ತಳಿಯ ಬಳ್ಳಿ ಇರಬೇಕು. ಇದ್ದರೂ ಹೂ ಬಿಡುವ ಹೊತ್ತಿಗೆ ಮಳೆ ಹಿಡಿದುಕೊಂಡರೆ ಗೊಂಚಲೆಲ್ಲ ಬೋಳು ಬೋಳು. ಎಲ್ಲ ಕೂಡಿ ಬಂದ ವರ್ಷದಲ್ಲೂ ಪಕ್ಕದ ಸಾಲಿನ ತಳಿಗಿಂತ ಇದರ ಇಳುವರಿ ಕಡಿಮೆ. ನಿಮ್ಮ ಹೊಲದಲ್ಲಿ ಇಂಥದ್ದು ಇದ್ದಿದ್ದರೆ, ಕಿತ್ತು ಬೇರೆ ಏನಾದರೂ ಹಾಕಿ ಎಂದು ಮನೆಯವರಿಗೆ ನೀವೇ ಹೇಳುತ್ತಿದ್ದಿರಿ. ಹಾಗೆ ಹೇಳುವುದರಲ್ಲಿ ತಪ್ಪೂ ಇಲ್ಲ.

ಹಂಗೇರಿ ದೇಶದ ಒಂದು ಬೆಟ್ಟದಲ್ಲಿ ಕೆಲವು ಸಣ್ಣ ಮನೆತನಗಳು ಈ ಬಳ್ಳಿಯನ್ನು ಕೀಳದೆ ಉಳಿಸಿಕೊಂಡಿವೆ. ಕೆಲವರು ಹೊಸದಾಗಿ ನೆಟ್ಟಿದ್ದಾರೆ. ಅವರ ಕತೆಯನ್ನು ನಿಮಗೆ ಹೇಳಬೇಕು ಅನ್ನಿಸಿದ್ದಕ್ಕೆ ಕಾರಣವಿದೆ. ನಾಟಿ ಹಸು ಉಳಿಸಿ ಎಂಬ ಭಾಷಣ ಕೇಳದ ವರ್ಷ ನಮಗೆ ಯಾವುದೂ ಇಲ್ಲ. ವೇದಿಕೆ ಮೇಲಿಂದ ಹೇಳುತ್ತಾರೆ, ಕರಪತ್ರದಲ್ಲಿ ಬರೆಯುತ್ತಾರೆ, ಈಗ ಫೋನಿನಲ್ಲಿ ವಿಡಿಯೋ ಕೂಡ ಬರುತ್ತದೆ. ಉಳಿಸುವ ಖರ್ಚು ಯಾರ ಪಾಲಿನದು ಎಂಬ ಮಾತು ಮಾತ್ರ ಅಲ್ಲಿ ಬರುವುದಿಲ್ಲ. ಆ ಬೆಟ್ಟದವರ ಕತೆಯಲ್ಲಿ ತುಂಬಿರುವುದು ಅದೇ ಖರ್ಚಿನ ಮಾತು.

ಅಲ್ಲಿ ದ್ರಾಕ್ಷಿ ಬೆಳೆಯುವುದು ವೈನ್ ಮಾಡುವುದಕ್ಕೆ. ಹಾಲಿನ ಪತ್ರಿಕೆಯಲ್ಲಿ ವೈನಿನ ಮಾತೇ ಎಂದು ಹುಬ್ಬೇರಿಸಬೇಡಿ. ಕುಡಿತ ಹೊಕ್ಕ ಮನೆಯಲ್ಲಿ ಬಟವಾಡೆಯ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು ಇಲ್ಲಿ ಬರೆಯುತ್ತಿರುವುದು ಕುಡಿಯುವವರ ಮಾತಲ್ಲ, ಬೆಳೆಯುವವರ ಲೆಕ್ಕ.

ಹಂಗೇರಿ ಯೂರೋಪಿನ ನಡುವೆ ಇರುವ, ಸಮುದ್ರವೇ ಇಲ್ಲದ ದೇಶ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಅರ್ಧದಷ್ಟು, ಜನಸಂಖ್ಯೆ ಒಂದು ಕೋಟಿಗೂ ಕಡಿಮೆ. ಅಲ್ಲಿ ಬಲತೋನ್ ಎಂಬ ದೊಡ್ಡ ಕೆರೆ ಇದೆ. ಕೆರೆ ಎಂದರೆ ನಮ್ಮ ಊರ ಮುಂದಿನ ಕೆರೆಯಂತಲ್ಲ, ಉದ್ದವೇ ಸುಮಾರು 77 ಕಿಲೋಮೀಟರ್. ಅದರ ಉತ್ತರ ದಂಡೆಯಲ್ಲಿ ಬದಚೋನಿ ಎಂಬ ಬೆಟ್ಟ. ತಲೆ ಸಪಾಟು, ದೂರದಿಂದ ನೋಡಿದರೆ ಮಂಕರಿ ಬೋರಲು ಹಾಕಿದ ಹಾಗೆ. ಬಹಳ ಹಿಂದೆ ಅದು ಬೆಂಕಿ ಉಗುಳುತ್ತಿದ್ದ ಜ್ವಾಲಾಮುಖಿ, ಹಾಗಾಗಿ ಮೇಲೆಲ್ಲ ಕಪ್ಪು ಬಸಾಲ್ಟ್ ಕಲ್ಲು. ಆ ಕಲ್ಲು ಹಗಲಿಡೀ ಬಿಸಿಲು ಕುಡಿದು ರಾತ್ರಿ ನಿಧಾನವಾಗಿ ಬಿಡುತ್ತದೆ. ಕೆಳಗಿನ ನೀರಿನಿಂದಲೂ ಬಿಸಿಲು ತಿರುಗಿ ಬೆಟ್ಟದ ಮೇಲೆ ಬೀಳುತ್ತದೆ. ನೀರಿನಲ್ಲಿ ತನ್ನ ಮುಖ ನೋಡಿಕೊಳ್ಳುವ ಬಳ್ಳಿಯ ವೈನೇ ಒಳ್ಳೆಯದು ಎಂದು ಅಲ್ಲಿನವರು ಆಡಿಕೊಳ್ಳುತ್ತಾರೆ. ಇಳಿಜಾರು ಕಡಿದು, ಕೆಲಸವೆಲ್ಲ ಹೆಚ್ಚುಕಡಿಮೆ ಕೈಯಲ್ಲೇ.

ಆ ಬೆಟ್ಟದ ಸ್ವಂತ ತಳಿಯ ಹೆಸರು ಕೇಕ್‌ನ್ಯೆಲೂ. ಅವರ ಭಾಷೆಯಲ್ಲಿ ಹಾಗೆಂದರೆ ನೀಲಿ ತೊಟ್ಟಿನದು. ಎಲೆಯ ತೊಟ್ಟಿನಲ್ಲಿ ನೀಲಿ ಛಾಯೆ ಇರುವುದರಿಂದ ಆ ಹೆಸರು ಬಂತು; ಹಣ್ಣು ಬಿಳಿ ದ್ರಾಕ್ಷಿ. ನಾವು ಹಸುವಿಗೆ ಕೆಂದಿ, ಕಾಳಿ, ಮಚ್ಚೆ ಎಂದು ಕರೆಯುವುದಿಲ್ಲವೇ, ಹಾಗೆ ಕಣ್ಣಿಗೆ ಬಿದ್ದದ್ದನ್ನು ಹೆಸರು ಮಾಡಿದ್ದಾರೆ. ಇಟಲಿಯಲ್ಲಿ ಪಿಕೊಲಿತ್ ಎಂಬ ತಳಿ ಇದೆ, ಎರಡೂ ಒಂದೇ ಇರಬೇಕು ಎಂದು ಬಹಳ ಕಾಲ ನಂಬಿದ್ದರು. ಡಿಎನ್‌ಎ ಪರೀಕ್ಷೆ ಮಾಡಿದಾಗ ಬೇರೆ ಬೇರೆ ಎಂದು ತಿಳಿಯಿತು. ಕೇಕ್‌ನ್ಯೆಲೂ ಹಂಗೇರಿಯದೇ.

ಇನ್ನು ಆ ಹೂವಿನ ವಿಷಯ. ಸಾಮಾನ್ಯವಾಗಿ ನಾವು ತಿನ್ನುವ, ಬೆಳೆಯುವ ದ್ರಾಕ್ಷಿಯ ಒಂದೇ ಹೂವಿನಲ್ಲಿ ಗಂಡೂ ಇರುತ್ತದೆ, ಹೆಣ್ಣೂ ಇರುತ್ತದೆ. ಬೇರೆಯವರ ಹಂಗಿಲ್ಲದೆ ಕಾಯಿ ಕಟ್ಟುತ್ತದೆ. ಕೇಕ್‌ನ್ಯೆಲೂ ಹೂವಿನಲ್ಲಿ ಗಂಡು ಕೇಸರಗಳು ಹಿಂದಕ್ಕೆ ಬಾಗಿರುತ್ತವೆ, ಅದರ ಪರಾಗಕ್ಕೆ ಕಸುವಿಲ್ಲ. ಕೆಲಸಕ್ಕೆ ಬರುವುದು ಹೆಣ್ಣಿನ ಭಾಗ ಮಾತ್ರ. ಹಾಗಾಗಿ ಹಿಂದಿನವರು ಅದರ ಜೊತೆಗೆ ಬುದಾಯಿ ಜೋಲ್ಡ್ ಎಂಬ ಇನ್ನೊಂದು ನಾಟಿ ತಳಿಯನ್ನು ಸೇರಿಸಿ ನೆಡುತ್ತಿದ್ದರು. ಎರಡೂ ಒಂದೇ ಸಮಯಕ್ಕೆ ಹೂ ಬಿಡಬೇಕು, ಗಾಳಿ ಬೀಸಬೇಕು, ಮಳೆ ಬರಬಾರದು. ಅಲ್ಲಿ ದ್ರಾಕ್ಷಿ ಹೂ ಬಿಡುವುದು ಜೂನ್ ತಿಂಗಳಲ್ಲಿ. ಆ ಕೆಲವು ದಿನ ಮೋಡ ಮುಚ್ಚಿ ಹನಿ ಹಾಕಿತೋ, ವರ್ಷದ ದುಡಿಮೆ ಹೋಯಿತು. ಬಳ್ಳಿಯದು ತಪ್ಪಿಲ್ಲ, ಆದರೆ ಕೆಟ್ಟ ಹೆಸರು ಬಳ್ಳಿಗೆ. ಹಸು ಮೂರು ಸಲ ತಿರುಗಿ ಬೆದೆಗೆ ಬಂದರೆ ನಮ್ಮಲ್ಲಿ ಬೈಗುಳ ಯಾರಿಗೆ ಬೀಳುತ್ತದೆ ಎಂದು ನಿಮಗೆ ಗೊತ್ತೇ ಇದೆ.

ಇಷ್ಟು ಕಷ್ಟದ್ದನ್ನು ಯಾಕೆ ಬೆಳೆದರು? ಅದರ ವೈನ್ ಬೇರೆ ಎಲ್ಲೂ ಸಿಗುವಂಥದ್ದಲ್ಲ. ಹುಳಿ ಚುರುಕು, ಪರಿಮಳ ಮೊದಲಿಗೆ ಮೆಲ್ಲಗೆ. ಬಾಟಲಿಯಲ್ಲಿ ಕೆಲವು ವರ್ಷ ಇಟ್ಟರೆ ಆಮೇಲೆ ಬಿಚ್ಚಿಕೊಳ್ಳುತ್ತದೆ ಎನ್ನುತ್ತಾರೆ ಬಲ್ಲವರು. ಹಾಗೆಂದರೆ ಬೆಳೆದವರ ದುಡ್ಡೂ ಅಷ್ಟು ಕಾಲ ಆ ಬಾಟಲಿಯೊಳಗೇ ಕುಳಿತಿರುತ್ತದೆ. ಹೊಸದಾಗಿ ನೆಟ್ಟ ಬಳ್ಳಿಯಾದರೆ ಮೊದಲ ಫಸಲಿಗೇ ಮೂರು ವರ್ಷ ಕಾಯಬೇಕು. ಹಾಲಿನವರಿಗೆ ಒಂದು ಬಟವಾಡೆ ತಡವಾದರೆ ಹಿಂಡಿ ಅಂಗಡಿಯವನ ಮುಖ ನೋಡುವುದು ಕಷ್ಟ. ಅವರ ಕಾಯುವಿಕೆ ಎಂಥದ್ದಿರಬೇಕು ಲೆಕ್ಕ ಹಾಕಿ.

ಬದಚೋನಿಯಲ್ಲಿ ರೋಜಾ ಸೆಗೆಡಿ ಎಂಬ ಹೆಂಗಸಿನ ಮನೆ ಇಂದಿಗೂ ನಿಂತಿದೆ, ಈಗ ಅದು ವಸ್ತುಸಂಗ್ರಹಾಲಯ. ಆಕೆ ಬದುಕಿದ್ದು 1774ರಿಂದ 1832ರವರೆಗೆ. ಗಂಡ ಶಾಂದೋರ್ ಕಿಶ್‌ಫಲುದಿ ದೊಡ್ಡ ಕವಿ, ದೇಶಕ್ಕೆಲ್ಲ ಹೆಸರು. ತೋಟ ನೋಡಿಕೊಂಡವಳು ಈಕೆ. ಕಹಿ ಗಿಡಮೂಲಿಕೆ ಹಾಕಿ ಆಕೆ ಮಾಡುತ್ತಿದ್ದ ವೈನ್ ಆ ಕಾಲಕ್ಕೇ ಹೆಸರುವಾಸಿ. ಇಷ್ಟನ್ನು ಇಲ್ಲಿ ಯಾಕೆ ಹೇಳಿದೆನೆಂದರೆ, ಬೆಟ್ಟದ ತೋಟಗಳ ಕತೆ ಹೇಳುವಾಗ ಗಂಡಸರ ಹೆಸರೇ ಮೊದಲು ಬರುತ್ತದೆ. ಕೊಟ್ಟಿಗೆಯ ಕತೆಯೂ ಅಷ್ಟೇ ತಾನೇ?

ಈ ತಳಿ ಅಳಿವಿನ ಅಂಚಿಗೆ ಬಂದದ್ದು ಒಂದೇ ಏಟಿಗೆ ಅಲ್ಲ. 1875ರ ಹೊತ್ತಿಗೆ ಹಂಗೇರಿಗೆ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಹೇನು ಹೊಕ್ಕಿತು. ಮುಂದಿನ ವರ್ಷಗಳಲ್ಲಿ ದೇಶದ ಹಳೆಯ ತೋಟಗಳು ಸಾಲುಸಾಲಾಗಿ ಒಣಗಿದವು. ಮತ್ತೆ ನೆಡುವಾಗ ಜನ ಸ್ವಾಭಾವಿಕವಾಗಿ ಹೆಚ್ಚು ಕೊಡುವುದನ್ನು ನೋಡಿಕೊಂಡು ನೆಟ್ಟರು. ಸಾಲ ಮಾಡಿ ನೆಡುವವರು ಇನ್ನೇನು ಮಾಡಿಯಾರು? ಅದಾದ ಮೇಲೆ ಬಂದದ್ದು ದೊಡ್ಡ ಹೊಡೆತ. ಎರಡನೇ ಮಹಾಯುದ್ಧ ಮುಗಿದು ಕಮ್ಯುನಿಸ್ಟ್ ಆಡಳಿತ ಬಂತು. 1960ರ ದಶಕದ ಆರಂಭಕ್ಕೆ ರೈತರ ಜಮೀನು ಬಹುಪಾಲು ಸರ್ಕಾರಿ ತೋಟಗಳಿಗೆ, ಕೂಡುಬೇಸಾಯದ ಸಂಘಗಳಿಗೆ ಸೇರಿ ಹೋಗಿತ್ತು. ಮನೆ ಹಿಂದಿನ ತುಂಡು ನೆಲ ಮಾತ್ರ ಅವರ ಕೈಯಲ್ಲಿ ಉಳಿಯಿತು.

ಸಂಘ ಎಂದ ಕೂಡಲೇ ನಮ್ಮ ಡೇರಿ ಸಂಘದ ಜೊತೆ ಹೋಲಿಸಬೇಡಿ. ಅಲ್ಲಿ ಸೇರಿದ್ದು ಬಲವಂತಕ್ಕೆ. ನಾವು ಹತ್ತು ಜನ ಕೂಡಿ ಅರ್ಜಿ ಕೊಟ್ಟು, ಷೇರು ಕಟ್ಟಿ ಮಾಡಿಕೊಂಡದ್ದು ಇದು. ಬೇಡವೆಂದರೆ ನಾಳೆ ಬೆಳಿಗ್ಗೆ ಹಾಲು ಹಾಕದೆ ಇರಬಹುದು. ಆದರೆ ಒಂದು ವಿಷಯದಲ್ಲಿ ಹೋಲಿಕೆ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಅಲ್ಲಿ ದ್ರಾಕ್ಷಿಯನ್ನು ಕೊಳ್ಳುತ್ತಿದ್ದದ್ದು ತೂಕ ನೋಡಿ, ರಸದ ಸಿಹಿಯ ಡಿಗ್ರಿ ನೋಡಿ. ಇಲ್ಲಿ ಲೀಟರು, ಫ್ಯಾಟು, ಎಸ್‌ಎನ್‌ಎಫ್. ಆ ಯಂತ್ರಕ್ಕೆ ಕಾಣುವುದಕ್ಕೆ ದುಡ್ಡು ಉಂಟು, ಕಾಣದ್ದಕ್ಕೆ ಇಲ್ಲ. ಯಾವ ತಳಿ, ಯಾವ ಇಳಿಜಾರು, ಎಷ್ಟು ಕೈಕೆಲಸ ಎಂಬುದು ಸಿಹಿ ಅಳೆಯುವ ಕಡ್ಡಿಗೆ ಕಾಣುವುದಿಲ್ಲ. ಎಲ್ಲರ ಹಣ್ಣೂ ಒಂದೇ ದೊಡ್ಡ ತೊಟ್ಟಿಗೆ ಬಿದ್ದು, ಅಲ್ಲಿಂದ ಬಂದ ವೈನ್ ಸೋವಿಯತ್ ದೇಶಕ್ಕೆ ರೈಲು ಹತ್ತುತ್ತಿತ್ತು. ಟ್ರ್ಯಾಕ್ಟರ್ ಓಡುವಂತೆ ಸಾಲುಗಳ ನಡುವಿನ ಅಂತರ ಹೆಚ್ಚಿಸಿದರು. ಕಡಿದಾದ ಇಳಿಜಾರು ಬಿಟ್ಟು ತೋಟಗಳು ಸಮತಟ್ಟಿಗೆ ಇಳಿದವು. ಬದಚೋನಿಯ ಹೆಸರಿನಲ್ಲಿ ಬೂದು ಸನ್ಯಾಸಿ ಎಂಬ ಅರ್ಥದ ಹೆಸರುಳ್ಳ ಇನ್ನೊಂದು ದ್ರಾಕ್ಷಿಯ ಅಗ್ಗದ ಸಿಹಿ ವೈನ್ ಊರೂರಿನ ಅಂಗಡಿಗೆ ಹೋಯಿತು. ಬೆಟ್ಟದ ಹೆಸರೂ ಅದರ ಜೊತೆಗೇ ಅಗ್ಗವಾಯಿತು.

ಅಂಥ ಲೆಕ್ಕದಲ್ಲಿ ಕೇಕ್‌ನ್ಯೆಲೂ ನಿಲ್ಲುವುದು ಸಾಧ್ಯವೇ ಇರಲಿಲ್ಲ. ಅಂದಾಜಿಗೆ ಹೀಗೆ ಇಟ್ಟುಕೊಳ್ಳಿ: ಒಂದು ತುಂಡು ನೆಲದಲ್ಲಿ ಬೇರೆ ತಳಿ ಹತ್ತು ಬುಟ್ಟಿ ಕೊಡುತ್ತದೆ, ಇದು ಐದು ಬುಟ್ಟಿ ಕೊಡುತ್ತದೆ. ಬುಟ್ಟಿಗೆ ಒಂದೇ ದರ. ಕತ್ತರಿಸುವ, ಕಟ್ಟುವ, ಔಷಧಿ ಹೊಡೆಯುವ ಕೆಲಸ ಎರಡಕ್ಕೂ ಸಮ. ಐದು ಬುಟ್ಟಿಯವಳು ಎಷ್ಟು ದಿನ ಪ್ರೀತಿಯಿಂದ ನಡೆಸಿಯಾಳು?

ಆ ಹೊತ್ತಿನಲ್ಲಿ ತಳಿ ಪೂರ್ತಿ ಅಳಿಯದಂತೆ ಹಿಡಿದು ನಿಂತವರಲ್ಲಿ ಬದಚೋನಿಯ ದ್ರಾಕ್ಷಿ ಸಂಶೋಧನಾ ಕೇಂದ್ರದವರೂ ಇದ್ದರು. ಅಲ್ಲಿ ಫೆರೆಂತ್ಸ್ ಕಿರಾಯ್ ಎಂಬ ತಳಿ ತಜ್ಞರು 1957ರಲ್ಲಿ ಕೇಕ್‌ನ್ಯೆಲೂವನ್ನು ಅದರ ಜೊತೆಗಾರ ಬುದಾಯಿ ಜೋಲ್ಡ್ ಜೊತೆಗೇ ಸಂಕರ ಮಾಡಿ ರೋಜಾಕೋ ಎಂಬ ಹೊಸ ತಳಿ ತಂದರು. ಬೆಟ್ಟದ ಮೇಲೆ ಗುಲಾಬಿ ಕಲ್ಲು ಎಂಬ ಒಂದು ಬಂಡೆ ಇದೆ, ಕೆರೆಗೆ ಬೆನ್ನು ಮಾಡಿ ಅದರ ಮೇಲೆ ಕುಳಿತ ಹುಡುಗ ಹುಡುಗಿಗೆ ವರ್ಷದೊಳಗೆ ಮದುವೆಯಾಗುತ್ತದೆ ಎಂದು ನಂಬಿಕೆ. ಆ ಬಂಡೆಯ ಹೆಸರನ್ನೇ ಬಳ್ಳಿಗೂ ಇಟ್ಟಿದ್ದಾರೆ. ಈಗ ಕೇಕ್‌ನ್ಯೆಲೂ ತೋಟದಲ್ಲಿ ಪರಾಗ ಕೊಡುವುದಕ್ಕೆ ರೋಜಾಕೋವನ್ನೂ ನೆಡುತ್ತಾರೆ. ಮಗಳೇ ತಾಯಿಯ ಪಕ್ಕ ನಿಂತಂತೆ! ಜೊತೆಗೆ ನೆಟ್ಟ ಆ ರೋಜಾಕೋದ ಹಣ್ಣನ್ನೂ ಕೆಲವರು ಬೇರೆಯಾಗಿಯೇ ವೈನ್ ಮಾಡಿ ಅದೇ ಹೆಸರಿನಲ್ಲಿ ಮಾರುತ್ತಾರೆ.

1990ರ ಹೊತ್ತಿಗೆ ಆಡಳಿತ ಬದಲಾಯಿತು. ಹಳೆಯ ಮಾಲೀಕರಿಗೆ ಪರಿಹಾರ ಚೀಟಿ ಕೊಟ್ಟು, ಅದನ್ನು ಹಿಡಿದು ಹರಾಜಿನಲ್ಲಿ ಜಮೀನು ಕೊಳ್ಳಿ ಎಂದರು. ಸೋವಿಯತ್ ಗಿರಾಕಿ ಕೈಬಿಟ್ಟಿದ್ದ. ದೊಡ್ಡ ತೊಟ್ಟಿಗೆ ಹಾಕಿದ್ದನ್ನು ಕೇಳುವವರಿಲ್ಲ. ಆಗ ಸಣ್ಣ ಹಿಡುವಳಿಯವರ ಮುಂದೆ ಎರಡು ದಾರಿ ಇದ್ದವು: ಹಣ್ಣನ್ನು ಕಂಡ ಬೆಲೆಗೆ ಮಾರುವುದು, ಇಲ್ಲವೇ ತಾವೇ ವೈನ್ ಮಾಡಿ ಬಾಟಲಿಗೆ ತುಂಬಿ ಅದರ ಮೇಲೆ ಬೆಟ್ಟದ ಹೆಸರು, ತಳಿಯ ಹೆಸರು, ತಮ್ಮ ಮನೆತನದ ಹೆಸರು ಬರೆಯುವುದು. ವಿದೇಶದಿಂದ ಹಿಂತಿರುಗಿದ ಹುಬಾ ಸೆರೆಮ್ಲೆಯ್ 1990ರ ದಶಕದ ಆರಂಭದಲ್ಲಿ ಬದಚೋನಿಯಲ್ಲಿ ವೈನರಿ ಹಾಕಿ ಕೇಕ್‌ನ್ಯೆಲೂವನ್ನು ಮತ್ತೆ ಎತ್ತಿ ನಿಲ್ಲಿಸಿದರು. ಅವರದು ಸಣ್ಣ ಕೈಯೇನಲ್ಲ, ಬಂಡವಾಳ ಇತ್ತು. ಅವರ ಹಿಂದೆ ಸಣ್ಣವರು ಬಂದರು. ಪಕ್ಕದ ಬೆಟ್ಟದ ಸಾಸಿ ಮನೆತನ ಸಾವಯವದಲ್ಲಿ ಬೆಳೆಯುತ್ತದೆ. ಲಾಪೋಶಾ ಮನೆತನದಲ್ಲಿ ವೈನ್ ಮಾಡುವ ಹೊಣೆ ಮಗಳು ಜೋಫಿಯಾ ಅವರದು.

ಇವರು ಮಾರುವ ಬಗೆ ನೋಡಿ. ಬೇಸಿಗೆಯಲ್ಲಿ ಆ ಕೆರೆಗೆ ಜನ ಸಾವಿರಗಟ್ಟಲೆ ಬರುತ್ತಾರೆ. ಅವರು ಬೆಟ್ಟ ಹತ್ತಿ ತೋಟದ ಮನೆಯ ಜಗುಲಿಯಲ್ಲಿ ಕುಳಿತು, ಬೆಳೆದವರ ಕೈಯಿಂದಲೇ ಕೊಳ್ಳುತ್ತಾರೆ. ನಡುವೆ ದಲ್ಲಾಳಿ ಇಲ್ಲ. ಈ ಬಳ್ಳಿ ಯಾಕೆ ಕಡಿಮೆ ಕೊಡುತ್ತದೆ, ಬಾಟಲಿಗೆ ಯಾಕೆ ಇಷ್ಟು ಬೆಲೆ ಎಂದು ಬೆಳೆದವರೇ ವಿವರಿಸುತ್ತಾರೆ. ಇಳುವರಿ ಕಡಿಮೆ ಎಂಬ ಕೊರತೆಯನ್ನು ಮುಚ್ಚಿಡುವುದಿಲ್ಲ, ಅದನ್ನೇ ಬೆಲೆಗೆ ಕಾರಣವಾಗಿ ಹೇಳುತ್ತಾರೆ. ನಾನು ಇವರನ್ನು ಮೆಚ್ಚುವುದು ಇದಕ್ಕೆ.

ಕತೆ ಹೇಳಿ ಮಾರುವುದರಲ್ಲಿ ಕೆಲವೊಮ್ಮೆ ನಗು ಬರಿಸುವಂಥದ್ದೂ ಇದೆ. ಸ್ವಲ್ಪ ದೂರದಲ್ಲಿ ಶೋಮ್ಲೋ ಎಂಬ ಇನ್ನೊಂದು ಜ್ವಾಲಾಮುಖಿ ಬೆಟ್ಟ. ಅಲ್ಲಿನ ನಾಟಿ ಬಿಳಿ ದ್ರಾಕ್ಷಿಯ ಹೆಸರು ಯುಹ್‌ಫಾರ್ಕ್, ಅಂದರೆ ಕುರಿಬಾಲ; ಗೊಂಚಲು ಉದ್ದವಾಗಿ ತುದಿಯಲ್ಲಿ ಬಾಗಿರುತ್ತದೆ. ಶೋಮ್ಲೋ ವೈನ್ ಕುಡಿದರೆ ಗಂಡುಮಗು ಹುಟ್ಟುತ್ತದೆ ಎಂಬ ಹಳೆಯ ಕತೆ ಇದೆ. ಹ್ಯಾಬ್ಸ್‌ಬರ್ಗ್ ರಾಜಮನೆತನದವರು ಮದುವೆಯ ರಾತ್ರಿ ಅದನ್ನು ಕುಡಿಯುತ್ತಿದ್ದರಂತೆ. ಈಗಲೂ ಅದನ್ನು ಹೇಳಿಕೊಂಡು ಬಾಟಲಿ ಮಾರುತ್ತಾರೆ. ಅದೇ ಮನೆತನದಲ್ಲಿ ಗಂಡು ಸಂತಾನ ಉಳಿಯದೆ ಮಗಳು ಮರಿಯಾ ತೆರೇಸಾ ಪಟ್ಟಕ್ಕೆ ಬಂದು 1740ರಿಂದ 1780ರವರೆಗೆ, ನಲವತ್ತು ವರ್ಷ, ಆಳಿದಳು. ವೈನ್ ಕೈಕೊಟ್ಟದ್ದು ಆ ದೇಶಕ್ಕೆ ಒಳ್ಳೆಯದೇ ಆಯಿತು ಎಂದು ನನಗನ್ನಿಸುತ್ತದೆ. ಇಂಥ ಕತೆಯ ಬಲದ ಮೇಲೆ ಬೆಲೆ ನಿಲ್ಲಬಾರದು.

ನಿಲ್ಲುವುದು ಬೇರೆಯದರ ಮೇಲೆ. ಹಂಗೇರಿಯಲ್ಲಿ ದ್ರಾಕ್ಷಿ ಬೆಳೆಗಾರರಿಗೆ ಊರಿಗೊಂದು ಸಂಘ ಇದೆ, ಬೆಟ್ಟದ ಸಮುದಾಯ ಎಂಬ ಅರ್ಥದ ಹೆಸರು. ಶತಮಾನಗಳ ಹಿಂದಿನ ವ್ಯವಸ್ಥೆ, ಕಮ್ಯುನಿಸ್ಟ್ ಆಡಳಿತ ರದ್ದು ಮಾಡಿತ್ತು, 1994ರ ಕಾನೂನಿನಿಂದ ಮತ್ತೆ ಜೀವ ಬಂತು. ಸಂಘದ ಅಧಿಕಾರಿಗೆ ಬೆಟ್ಟದ ನ್ಯಾಯಾಧೀಶ ಎಂದೇ ಹೆಸರು. ಯಾವ ತೋಟದಲ್ಲಿ ಯಾವ ತಳಿ ಇದೆ ಎಂಬ ದಾಖಲೆ ಅಲ್ಲಿರುತ್ತದೆ. ಕೊಯ್ಲಾದ ಮೇಲೆ ಈ ಹಣ್ಣು ಇಂಥ ತೋಟದ್ದು, ಇಂಥ ತಳಿಯದ್ದು ಎಂದು ಅವರು ಮೂಲದ ಪ್ರಮಾಣಪತ್ರ ಕೊಡಬೇಕು. ಅದಿಲ್ಲದೆ ಬಾಟಲಿಯ ಮೇಲೆ ಬದಚೋನಿ ಎಂದು ಬರೆಯುವಂತಿಲ್ಲ. ಯೂರೋಪಿನ ನಿಯಮದ ಪ್ರಕಾರ ಒಂದೇ ತಳಿಯ ಹೆಸರು ಬರೆಯಬೇಕಾದರೆ ಒಳಗಿರುವ ವೈನಿನಲ್ಲಿ ಕನಿಷ್ಠ ಶೇಕಡ 85 ಭಾಗ ಆ ತಳಿಯದ್ದೇ ಆಗಿರಬೇಕು. ಈ ಕಾವಲು ಇರುವುದರಿಂದಲೇ ಸಣ್ಣವರು ಹೆಚ್ಚು ಬೆಲೆ ಕೇಳಬಲ್ಲರು. ಇಲ್ಲದಿದ್ದರೆ ಯಾವುದೋ ಅಗ್ಗದ ವೈನಿಗೆ ಕೇಕ್‌ನ್ಯೆಲೂ ಎಂಬ ಚೀಟಿ ಅಂಟಿಸಿ ಪೇಟೆಯ ವ್ಯಾಪಾರಿ ದುಡ್ಡು ಮಾಡಿಕೊಳ್ಳುತ್ತಿದ್ದ.

ಅಲ್ಲೆಲ್ಲ ಸುಖವೇ ಇದೆ ಎಂದು ತಿಳಿಯಬೇಡಿ. ಇವತ್ತಿಗೂ ಕೇಕ್‌ನ್ಯೆಲೂ ಇರುವುದು ಕೆಲವೇ ಹತ್ತಾರು ಹೆಕ್ಟೇರಿನಲ್ಲಿ. ಬದಚೋನಿಯ ಬೆಳೆಗಾರರಿಗೆ ದಿನದ ಅನ್ನ ಕೊಡುವುದು ಒಲಸ್‌ರಿಜ್ಲಿಂಗ್ ಎಂಬ ಹೆಚ್ಚು ಕೊಡುವ ತಳಿ. ನಾಟಿ ತಳಿಯನ್ನು ಒಂದು ಪಾಲು ಇಟ್ಟುಕೊಂಡು, ಉಳಿದದ್ದರಲ್ಲಿ ಅದನ್ನು ಬೆಳೆಯುತ್ತಾರೆ. ಕೆರೆ ಕಾಣುವ ಇಳಿಜಾರಿಗೆ ಪೇಟೆಯ ಹಣವಂತರ ಕಣ್ಣು ಬಿದ್ದು, ರಜಾ ಕಳೆಯುವ ಮನೆಗಳು ಎದ್ದು, ತೋಟದ ನೆಲದ ಬೆಲೆ ಕೈಗೆಟುಕದಂತಾಗಿದೆ. ನಂದಿ ಬೆಟ್ಟದ ಸುತ್ತಿನ ಊರುಗಳವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಆ ದೇಶದ ದನಗಳ ಮಾತನ್ನೂ ಒಂದಿಷ್ಟು ಹೇಳಿಬಿಡುತ್ತೇನೆ, ನಿಮಗೆ ಕುತೂಹಲ ಇರುತ್ತದೆ. ಹಂಗೇರಿಗೆ ಬೂದು ಬಣ್ಣದ, ಉದ್ದ ಕೊಂಬಿನ ನಾಟಿ ದನದ ತಳಿ ಇದೆ. ಗಾಡಿ ಎಳೆಯುವುದಕ್ಕೆ ಗಟ್ಟಿ, ಹಾಲು ಕಡಿಮೆ. ನಮ್ಮ ಹಳ್ಳಿಕಾರ್ ನೆನಪಿಗೆ ಬರುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ಅದು ಇಡೀ ದೇಶದಲ್ಲಿ ಕೆಲವು ನೂರಕ್ಕೆ ಇಳಿದಿತ್ತು. ಸರ್ಕಾರ ದುಡ್ಡು ಹಾಕಿ, ಸರ್ಕಾರಿ ಹಿಂಡು ಕಟ್ಟಿ ಉಳಿಸಿತು. ಬದಚೋನಿಗೆ ಹತ್ತಿರದಲ್ಲೇ ಶಾಲ್‌ಫೋಲ್ಡ್ ಎಂಬಲ್ಲಿ ರಾಷ್ಟ್ರೀಯ ಉದ್ಯಾನದವರು ಅವನ್ನು ಸಾಕಿದ್ದಾರೆ. ಅದೇ ಕೆರೆಯ ಇನ್ನೊಂದು ಮೂಲೆಯ ಜೌಗಿನಲ್ಲಿ ಎಮ್ಮೆಗಳ ದೊಡ್ಡ ಹಿಂಡೂ ಇದೆ. ಎಮ್ಮೆ ಕಂಡರೆ ಅಲ್ಲಿನ ಮಕ್ಕಳಿಗೆ ಆನೆ ಕಂಡಷ್ಟು ಸಂಭ್ರಮ. ದನದ ವಿಷಯದಲ್ಲಿ ಖರ್ಚು ಹೊತ್ತದ್ದು ಸರ್ಕಾರ, ಬಳ್ಳಿಯ ವಿಷಯದಲ್ಲಿ ಕೊಳ್ಳುವ ಗಿರಾಕಿ. ಬೆಳೆದವಳ ಮೇಲೆ, ಸಾಕಿದವಳ ಮೇಲೆ ಪೂರ್ತಿ ಹೊರೆ ಬೀಳಲಿಲ್ಲ.

ಈಗ ನಮ್ಮ ಕಡೆ ನೋಡೋಣ. ಮಲೆನಾಡು ಗಿಡ್ಡವೋ ಹಳ್ಳಿಕಾರೋ ಕಟ್ಟಿದ ಮನೆಯಲ್ಲಿ ಹೊತ್ತಿಗೆ ಒಂದೋ ಎರಡೋ ಲೀಟರ್. ಪಕ್ಕದ ಮನೆಯ ಸೀಮೆಹಸು ಅದರ ನಾಲ್ಕೈದು ಪಟ್ಟು ಕೊಡುತ್ತದೆ. ಫ್ಯಾಟ್ ಜಾಸ್ತಿ ಬಂದರೆ ಲೀಟರಿಗೆ ಒಂದಿಷ್ಟು ಹೆಚ್ಚು ಸಿಗುತ್ತದೆ, ನಿಜ. ಆದರೆ ಅದು ಆ ಎರಡು ಲೀಟರಿಗೆ ತಾನೇ? ಸರ್ಕಾರದ ಪ್ರೋತ್ಸಾಹಧನವೂ ಲೀಟರ್ ಲೆಕ್ಕದಲ್ಲೇ ಬರುವುದು. ಹಾಗಾಗಿ ಕಡಿಮೆ ಕೊಡುವ ಹಸುವಿನವಳಿಗೆ ಅದೂ ಕಡಿಮೆ. ಸಗಣಿ ಬಾಚುವುದು, ನೀರು ಇಡುವುದು, ಮೇಯಿಸುವುದು ಯಾವುದೂ ಕಡಿಮೆಯಾಗುವುದಿಲ್ಲ. ನಾಟಿ ಹಸುವಿಗೆ ರೋಗ ಕಡಿಮೆ, ಹಿಂಡಿ ಬೂಸಾ ಖರ್ಚು ಕಡಿಮೆ ಎಂಬುದನ್ನೂ ನಾನು ಒಪ್ಪುತ್ತೇನೆ. ಆ ಉಳಿತಾಯ ಅಂತರವನ್ನು ತುಂಬುವಷ್ಟಿದ್ದಿದ್ದರೆ ಕೊಟ್ಟಿಗೆಗಳಿಂದ ನಾಟಿ ಹಸು ಖಾಲಿಯಾಗುತ್ತಿರಲಿಲ್ಲ. ಅದಕ್ಕೇ ನನ್ನ ಅಭಿಪ್ರಾಯ ಸ್ಪಷ್ಟ: ಬೇರೆ ದರ ಕೊಡದೆ ನಾಟಿ ತಳಿ ಉಳಿಸಿ ಎಂದು ಹೇಳುವವರು ನಿಮ್ಮ ಕೂಲಿಯಲ್ಲಿ ಪುಣ್ಯ ಕಟ್ಟಿಕೊಳ್ಳುತ್ತಿದ್ದಾರೆ.

ಬೇರೆ ದರ ಕೊಡುವ ಗಿರಾಕಿ ಇಲ್ಲವೇ ಎಂದರೆ, ಬೆಂಗಳೂರಿನಲ್ಲಿ ಇದ್ದಾನೆ. ಎ2 ಹಾಲು ಎಂಬ ಚೀಟಿ ಹಾಕಿದ ಗಾಜಿನ ಬಾಟಲಿಗೆ ದುಪ್ಪಟ್ಟಿಗಿಂತ ಹೆಚ್ಚು ಕೊಟ್ಟು ಕೊಳ್ಳುತ್ತಾನೆ. ಆ ಚೀಟಿಗೆ ಕಾವಲು ಯಾರು? 2024ರ ಆಗಸ್ಟಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎ1, ಎ2 ಎಂದು ಬರೆದು ಮಾರಬೇಡಿ ಎಂದು ಆದೇಶ ಹೊರಡಿಸಿ, ಒಂದು ವಾರದೊಳಗೆ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಹೆಸರಿನ ಮೇಲೆ ಹಿಡಿತ ಇಲ್ಲದ ಕಡೆ ಲಾಭ ಕೊಟ್ಟಿಗೆಗೆ ಬರುವುದಿಲ್ಲ. ನಮ್ಮದೇ ದ್ರಾಕ್ಷಿ ಬೆಂಗಳೂರು ಬ್ಲೂ ಇದೆಯಲ್ಲ, ಅದಕ್ಕೆ ಜಿಐ ಮಾನ್ಯತೆ ಇದೆ. ಮಂಡಿಗೆ ಕ್ರೇಟ್ ಇಳಿಸಿದಾಗ ಆ ಕಾಗದ ಕಿಲೋಗೆ ಎಷ್ಟು ರೂಪಾಯಿ ಕೂಡಿಸಿತು ಎಂದು ಬೆಳೆದವರನ್ನೇ ಕೇಳಿ ನೋಡಿ. ಬದಚೋನಿಯಲ್ಲಿ ಕಾಗದದ ಜೊತೆಗೆ ತೋಟತೋಟಕ್ಕೆ ಹೋಗಿ ನೋಡುವ ಮನುಷ್ಯನೂ ಇದ್ದಾನೆ, ಅವನನ್ನು ಇಟ್ಟುಕೊಂಡ ಸಂಘವೂ ಬೆಳೆಗಾರರದ್ದೇ.

ನಮ್ಮಲ್ಲಿ ಆ ಸಂಘ ಆಗಲೇ ಇದೆ. ಬಹಳಷ್ಟು ಊರುಗಳಲ್ಲಿ ಇದೆ, ದಿನಕ್ಕೆರಡು ಸಲ ಬಾಗಿಲು ತೆಗೆಯುತ್ತದೆ. ಯಾರ ಮನೆಯಲ್ಲಿ ಯಾವ ಹಸು ಇದೆ ಎಂದು ಕಾರ್ಯದರ್ಶಿಗೆ ಗೊತ್ತು, ಕಿವಿಯೋಲೆಯ ನಂಬರೂ ಗೊತ್ತು. ನಾಟಿ ಹಸು ಹೆಚ್ಚಿರುವ ನಾಲ್ಕೈದು ಊರುಗಳನ್ನು ಒಟ್ಟಿಗೆ ಹಿಡಿದು, ಆ ಹಾಲಿಗೆ ಬೇರೆ ಕ್ಯಾನ್, ಬೇರೆ ದರ, ಪ್ಯಾಕೆಟ್ ಮೇಲೆ ತಳಿಯ ಹೆಸರು ಇಟ್ಟು ನೋಡಬಹುದು. ಎಲ್ಲ ಕಡೆ ಆಗುವುದಿಲ್ಲ. ಊರಿನಲ್ಲಿ ಮೂರು ನಾಟಿ ಹಸು ಇದ್ದರೆ ಆ ಆರು ಲೀಟರಿಗೆ ಬೇರೆ ಕ್ಯಾನ್ ಹೊತ್ತು ತಿರುಗುವ ವಾಹನದ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ. ಅಲ್ಲೂ ಕೇಕ್‌ನ್ಯೆಲೂವನ್ನು ಎಲ್ಲ ಬೆಟ್ಟದಲ್ಲೂ ನೆಡಲಿಲ್ಲ.

ಬೇರೆ ದರ ಎಂದರೆ ಸಂಘದಲ್ಲಿ ಒಡಕು ಬರುತ್ತದೆ, ಎಲ್ಲರ ಹಾಲೂ ಒಂದೇ ಎಂಬುದೇ ಸಹಕಾರದ ಬಲ ಎನ್ನುವ ಹಿರಿಯರಿದ್ದಾರೆ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಒಂದೇ ಕ್ಯಾನಿಗೆ ಸುರಿದದ್ದರಿಂದಲೇ ಸಣ್ಣವರ ಎರಡು ಲೀಟರಿಗೂ ಗಿರಾಕಿ ಸಿಕ್ಕಿದ್ದು. ಆದರೆ ಫ್ಯಾಟ್ ನೋಡಿ ದರ ಕೊಡಲು ಶುರು ಮಾಡಿದ ದಿನವೇ ಎಲ್ಲರ ಹಾಲೂ ಒಂದೇ ಎಂಬುದು ಮುಗಿಯಿತು. ಅಂದು ಒಡೆಯದ ಸಂಘ ಇನ್ನೊಂದು ಕಾಲಂ ಸೇರಿಸಿದರೆ ಒಡೆಯುತ್ತದೆಯೇ?

ಹಾಗೆಂದು ಇದನ್ನು ಓದಿದ ಮಾತ್ರಕ್ಕೆ ಸೀಮೆಹಸು ಮಾರಿ ನಾಟಿ ಹಸು ಕಟ್ಟಬೇಡಿ. ದರ ಬೇರೆಯಾಗುವವರೆಗೆ ಬೇಡ. ಈಗಾಗಲೇ ಮನೆಯಲ್ಲಿ ಒಂದು ಇದ್ದರೆ, ಅದನ್ನು ಕೊಡುವ ಮುಂಚೆ ಈ ವಿಷಯವನ್ನು ಸಂಘದಲ್ಲಿ ಎತ್ತಿ. ವಾರ್ಷಿಕ ಮಹಾಸಭೆಯ ನೋಟಿಸ್ ಬಂದಾಗ ಲಿಖಿತವಾಗಿ ಕೊಡಿ: ನಮ್ಮ ಊರಲ್ಲಿ ನಾಟಿ ಹಸು ಎಷ್ಟಿವೆ, ದಿನಕ್ಕೆ ಹಾಲೆಷ್ಟು, ಅದಕ್ಕೆ ಬೇರೆ ದರ ಕೊಡಲು ಒಕ್ಕೂಟ ಪ್ರಯತ್ನಿಸುತ್ತದೆಯೇ ಎಂದು. ಬಾಯಿಮಾತಿನಲ್ಲಿ ಕೇಳಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮರೆತು ಹೋಗುತ್ತದೆ. ಬರೆದು ಕೊಟ್ಟರೆ ನಡಾವಳಿ ಪುಸ್ತಕದಲ್ಲಿ ಸೇರಬೇಕು.

ಸಭೆಗೆ ಹೋಗುವ ಮುಂಚೆ ಸದಸ್ಯರ ಪುಸ್ತಕದಲ್ಲಿ ನಿಮ್ಮ ಮನೆಯ ಎದುರು ಯಾರ ಹೆಸರಿದೆ ನೋಡಿಕೊಳ್ಳಿ. ಮಹಿಳಾ ಸಂಘಗಳಲ್ಲಿ ನಿಮ್ಮದೇ ಇರುತ್ತದೆ. ಬೇರೆ ಸಂಘಗಳಲ್ಲಿ ಹಾಲು ಕರೆಯುವವರು ನೀವಾದರೂ ಷೇರು, ಪಾಸ್‌ಬುಕ್ಕು, ಮತದ ಹಕ್ಕು ಗಂಡನದೋ ಮಾವನದೋ ಹೆಸರಿನಲ್ಲಿ ಇರುವುದೇ ಹೆಚ್ಚು. ನಿಮ್ಮ ಹೆಸರಿಗೆ ಸದಸ್ಯತ್ವ ಮಾಡಿಸಿಕೊಳ್ಳುವುದಕ್ಕೆ ಒಂದು ಅರ್ಜಿ, ಫೋಟೊ, ಆಧಾರ್ ಪ್ರತಿ, ಷೇರಿನ ಹಣ ಸಾಕು. ಕಾರ್ಯದರ್ಶಿಯನ್ನು ಕೇಳಿದರೆ ಅರ್ಜಿ ಕೊಡುತ್ತಾರೆ. ನೋಟಿಸ್ ಬರುವವರೆಗೆ ಕಾಯದೆ ಈ ತಿಂಗಳೇ ಕೇಳಿ.